ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಐಇಎಲ್‌ಟಿಎಸ್‌ನಲ್ಲಿ 6.5 ಬರುವುದೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ಬಿ.ಎಸ್ಸಿ. ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಇಂಗ್ಲಿಷಿನಲ್ಲಿ ಪಾಠ ನಡೆಯುವ ಎಂ.ಎಸ್ಸಿ. ಕೋರ್ಸಿಗೆ ಜರ್ಮನಿಗೆ ಹೋಗುವ ಆಸೆಯಿದೆ. ಅದಕ್ಕೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ 6.5 ಅಂಕ ಬೇಕೆನ್ನುತ್ತಾರೆ. ಅಣ್ಣ ಹೈದರಾಬಾದಿನಲ್ಲಿ ಮೂರು ತಿಂಗಳು ಕೋಚಿಂಗ್ ಸೇರು ಎನ್ನುತ್ತಾನೆ. ಗೆಳತಿಯರು ಕಾಲೇಜಿನಿಂದ ಪತ್ರ ತಂದರೆ ಪರೀಕ್ಷೆಯೇ ಬೇಡ ಎನ್ನುತ್ತಾರೆ. ನನ್ನ ಉಚ್ಚಾರಣೆ ಪೂರ್ತಿ ನಮ್ಮ ಕಡೆಯದು. ನನ್ನಿಂದ ಇದು ಆಗುವುದೇ?

ಉತ್ತರ: ಆಗುತ್ತದೆ. ನಾಲ್ಕು ವರ್ಷ ಬೇಸಾಯಶಾಸ್ತ್ರ, ಮಣ್ಣುವಿಜ್ಞಾನಗಳನ್ನು ಇಂಗ್ಲಿಷ್ ಪುಸ್ತಕಗಳಲ್ಲೇ ಓದಿ, ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದವರಿಗೆ 6.5 ಎಟುಕದ ಅಂಕವಲ್ಲ. ಆದರೆ ನಿಮ್ಮ ಪತ್ರದ ಆತಂಕವೆಲ್ಲ ಉಚ್ಚಾರಣೆಯ ಮೇಲೆ ನಿಂತಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ವಿದ್ಯಾರ್ಥಿಗಳನ್ನು ಹತ್ತಿರದಿಂದ ಕಂಡಿರುವ ನನಗೆ ಅವರ ಅಂಕ ಸೋರುವ ಜಾಗ ಬರವಣಿಗೆಯೇ ಎಂದು ತೋರುತ್ತದೆ. ಅದಕ್ಕೆ ಬರುವ ಮುನ್ನ, ಯಾವ ಪರೀಕ್ಷೆ, ಯಾವ ಕೋಚಿಂಗ್ ಎಂಬುದಕ್ಕೂ ಮೊದಲು ನೋಡಬೇಕಾದ ಒಂದು ಸಂಗತಿಯಿದೆ.

ನೀವು ಸೇರಬಯಸುವ ಕೋರ್ಸುಗಳ ಪ್ರವೇಶ ನಿಯಮವನ್ನು ಆಯಾ ವಿಶ್ವವಿದ್ಯಾಲಯದ ಪುಟದಲ್ಲಿ ನೀವೇ ಓದಿ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್, ಇಂಗ್ಲಿಷಿನಲ್ಲಿ ನಡೆಯುವ ಕೋರ್ಸುಗಳ ಪಟ್ಟಿಯನ್ನು ಭಾಷೆಯ ಷರತ್ತಿನ ಸಮೇತ ಪ್ರಕಟಿಸುತ್ತದೆ, ಅಲ್ಲಿಂದ ಆರಂಭಿಸಬಹುದು. ಕೆಲವೆಡೆ ಐಇಎಲ್‌ಟಿಎಸ್ ಅಂಕದ ಬದಲು ಬಿ2 ಅಥವಾ ಸಿ1 ಎಂದಷ್ಟೇ ಬರೆದಿರುತ್ತದೆ. ಇವು ಯುರೋಪಿನ ಭಾಷಾಮಟ್ಟದ ಗುರುತುಗಳು; ಐಇಎಲ್‌ಟಿಎಸ್‌ನ 5.5ರಿಂದ 6.5ರವರೆಗಿನ ಅಂಕಗಳು ಬಿ2 ಮಟ್ಟಕ್ಕೂ, 7ರಿಂದ 8ರವರೆಗಿನವು ಸಿ1 ಮಟ್ಟಕ್ಕೂ ಹೊಂದುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಟ್ಟು ಅಂಕದ ಜೊತೆಗೆ ಪ್ರತಿ ವಿಭಾಗಕ್ಕೂ ಕನಿಷ್ಠ ಅಂಕ ಕೇಳಿದ್ದಾರೆಯೇ ಎಂಬುದನ್ನು ನೋಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಎಂಬ ನಾಲ್ಕು ವಿಭಾಗಗಳಿಗೂ 9ರವರೆಗೆ ಬೇರೆ ಬೇರೆ ಬ್ಯಾಂಡ್ ಕೊಟ್ಟು, ಅವುಗಳ ಸರಾಸರಿಯನ್ನು ಹತ್ತಿರದ ಅರ್ಧ ಅಂಕಕ್ಕೆ ಹೊಂದಿಸುತ್ತಾರೆ. ಸರಾಸರಿ 6.25 ಬಂದರೆ ಅದು 6.5 ಆಗುತ್ತದೆ, 6.75 ಬಂದರೆ 7 ಆಗುತ್ತದೆ. ನಿಮಗೆ ರೈಟಿಂಗ್‌ನಲ್ಲಿ 5.5, ಉಳಿದ ಮೂರರಲ್ಲೂ 6.5 ಬಂತೆನ್ನಿ. ಒಟ್ಟು 25, ಸರಾಸರಿ 6.25, ಪ್ರಮಾಣಪತ್ರದಲ್ಲಿ 6.5 ಎಂದೇ ಅಚ್ಚಾಗುತ್ತದೆ. ಮನೆಯವರೆಲ್ಲ ಸಿಹಿ ಹಂಚುತ್ತಾರೆ. ಆದರೆ ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಎಂದು ಕೋರ್ಸಿನ ನಿಯಮದಲ್ಲಿದ್ದರೆ ಆ ಪ್ರಮಾಣಪತ್ರ ಅಲ್ಲಿಗೆ ಉಪಯೋಗವಿಲ್ಲ. ಇದೇ ಲೆಕ್ಕದಲ್ಲಿ ಸ್ಪೀಕಿಂಗ್ ಅಂಕ 6ಕ್ಕೆ ಇಳಿದರೆ ಸರಾಸರಿ 6.125 ಆಗಿ, ಒಟ್ಟು ಅಂಕ 6ಕ್ಕೇ ನಿಲ್ಲುತ್ತದೆ. ಒಂದು ವಿಭಾಗದ ಅರ್ಧ ಅಂಕ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇಷ್ಟು ಸಾಕು.

ಕಾಲೇಜಿನ ಪತ್ರದ ವಿಚಾರ. ಪದವಿ ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿ ನಡೆದಿದೆ ಎಂಬ ಮಾಧ್ಯಮ ಪ್ರಮಾಣಪತ್ರವನ್ನು ಒಪ್ಪುವ ವಿಶ್ವವಿದ್ಯಾಲಯಗಳು ಇವೆ, ಒಪ್ಪದವೂ ಇವೆ, ಒಂದೇ ವಿಶ್ವವಿದ್ಯಾಲಯದ ಒಂದು ವಿಭಾಗ ಒಪ್ಪಿ ಇನ್ನೊಂದು ಒಪ್ಪದಿರುವುದೂ ಉಂಟು. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕವನ್ನೇ ಪುರಾವೆಯಾಗಿ ಸ್ವೀಕರಿಸುತ್ತವೆಯಾದರೂ, ಯಾವ ಬೋರ್ಡಿನವರಿಗೆ ಎಷ್ಟು ಅಂಕ ಬೇಕೆಂಬುದನ್ನು ತಾವೇ ನಿಗದಿ ಮಾಡಿಕೊಂಡಿರುತ್ತವೆ. ಹಾಗಾಗಿ ಗೆಳತಿಯರ ಮಾತು ಸುಳ್ಳಲ್ಲ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಪತ್ರವನ್ನು ನಿಮ್ಮ ಕಾಲೇಜು ಸೇರಿರುವ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹೇಗಿದ್ದರೂ ತೆಗೆದಿಟ್ಟುಕೊಳ್ಳಿ. ಅದಕ್ಕೆ ಹೆಚ್ಚು ಖರ್ಚಿಲ್ಲ. ನಾಲ್ಕಾರು ಕೋರ್ಸುಗಳಿಗೆ ಅರ್ಜಿ ಹಾಕುವವರು ಪತ್ರವೊಂದನ್ನೇ ಹಿಡಿದುಕೊಂಡರೆ ಆಯ್ಕೆ ಕಿರಿದಾಗುತ್ತದೆ. ಪರೀಕ್ಷೆ ಬರೆಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಯಾವ ಪರೀಕ್ಷೆ ಎಂಬ ಪ್ರಶ್ನೆಗೆ ಜನ ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಅಮೆರಿಕದ ಇಟಿಎಸ್ ಸಂಸ್ಥೆಯ ಟೋಫೆಲ್ 1964ರಿಂದ ನಡೆಯುತ್ತಿದೆ. ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಡ್ಜ್ ಜಂಟಿಯಾಗಿ ಹೊಂದಿರುವ ಐಇಎಲ್‌ಟಿಎಸ್ ಈಗಿನ ಹೆಸರಿನಲ್ಲಿ 1989ರಲ್ಲಿ ಶುರುವಾಯಿತು. ಭಾರತದಲ್ಲಿ 2021ರಿಂದ ಐಇಎಲ್‌ಟಿಎಸ್ ನಡೆಸುತ್ತಿರುವುದು ಐಡಿಪಿ. ಜರ್ಮನಿಯಲ್ಲಿ ಈ ಎರಡಕ್ಕೂ ಮನ್ನಣೆ ಹೆಚ್ಚು. ಪಿಯರ್ಸನ್ ಸಂಸ್ಥೆಯ ಪಿಟಿಇಯಲ್ಲಿ 10ರಿಂದ 90ರವರೆಗೆ ಅಂಕವಿದ್ದು, ಮೌಲ್ಯಮಾಪನ ಬಹುಮಟ್ಟಿಗೆ ಯಂತ್ರದ್ದು. ಡ್ಯುವೊಲಿಂಗೋ ಪರೀಕ್ಷೆಯನ್ನು ಮನೆಯಲ್ಲೇ ಕುಳಿತು ಸುಮಾರು ಒಂದು ಗಂಟೆಯಲ್ಲಿ ಮುಗಿಸಬಹುದು, ಶುಲ್ಕವೂ ಬಹಳ ಕಡಿಮೆ; ಆದರೆ ನೀವು ಆರಿಸಿದ ಕೋರ್ಸಿನ ಪುಟದಲ್ಲಿ ಅದರ ಹೆಸರಿಲ್ಲದಿದ್ದರೆ ಅಗ್ಗವೆಂದು ಬರೆದು ಫಲವಿಲ್ಲ. ಟೋಫೆಲ್ ಆರಿಸಿಕೊಳ್ಳುವವರು ಗಮನಿಸಬೇಕಾದದ್ದು: 2026ರ ಜನವರಿಯಿಂದ ಅದರ ಸ್ವರೂಪ ಬದಲಾಗಿ, ಅಂಕವನ್ನು 1ರಿಂದ 6ರ ಅಳತೆಯಲ್ಲಿ ಕೊಡುತ್ತಿದ್ದಾರೆ, ಹಳೆಯ ಪುಸ್ತಕಗಳನ್ನು ಇಟ್ಟುಕೊಂಡು ತಯಾರಿ ನಡೆಸಿದರೆ ಅಲ್ಲಿ ಹೋಗಿ ಗಾಬರಿಯಾಗಬೇಕಾಗುತ್ತದೆ. ನಿಮ್ಮ ಮಟ್ಟಿಗೆ ಐಇಎಲ್‌ಟಿಎಸ್ ಅಕಾಡೆಮಿಕ್ ಸಾಕು. ನೋಂದಣಿಯ ವೇಳೆ ಕಣ್ತಪ್ಪಿನಿಂದ ಜನರಲ್ ಟ್ರೈನಿಂಗ್ ಎಂಬುದನ್ನು ಆರಿಸಬೇಡಿ. ಅದು ಮುಖ್ಯವಾಗಿ ವಲಸೆ ಮತ್ತು ಉದ್ಯೋಗಕ್ಕೆ ಹೊರಟವರಿಗೆ.

ಈಗ ಉಚ್ಚಾರಣೆಯ ಭಯ. ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ, ಪರೀಕ್ಷಕರ ಜೊತೆ ಮಾತುಕತೆಯ ರೂಪದಲ್ಲಿ ನಡೆಯುತ್ತದೆ. ಅಲ್ಲಿ ಅಳೆಯುವುದು ನಾಲ್ಕನ್ನು: ಮಾತಿನ ಓಟ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ಉಚ್ಚಾರಣೆ ಕಾಲುಭಾಗ ಮಾತ್ರ. ಅದರಲ್ಲೂ ಪರೀಕ್ಷಕರು ನೋಡುವುದು ಕೇಳುವವರಿಗೆ ತೊಡಕಿಲ್ಲದೆ ತಿಳಿಯುತ್ತದೆಯೇ ಎಂಬುದನ್ನು. ಲಂಡನ್ನಿನವರ ಧಾಟಿಯನ್ನು ಯಾರೂ ನಿರೀಕ್ಷಿಸುವುದಿಲ್ಲ. ‘ಸ್ಕೂಲ್’ ಎನ್ನುವಲ್ಲಿ ‘ಇಸ್ಕೂಲ್’ ಎಂದು ಒಂದು ಸಲ ಬಂದರೆ ಆಕಾಶ ಕಳಚಿ ಬೀಳುವುದಿಲ್ಲ. ಎಲ್ಲ ಪದಗಳನ್ನೂ ಒಂದೇ ತೂಕದಲ್ಲಿ, ಒಂದೇ ಉಸಿರಿನಲ್ಲಿ ಸರಸರನೆ ಒಪ್ಪಿಸಿದರೆ ಮಾತ್ರ ಕೇಳುವವರಿಗೆ ಕಷ್ಟವಾಗುತ್ತದೆ. ನಮ್ಮ ಮಕ್ಕಳ ನಿಜವಾದ ತೊಡಕು ಬೇರೆ. ಗುರುಗಳು, ಹಿರಿಯರು ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಉತ್ತರ ಕೊಟ್ಟು ಸುಮ್ಮನಾಗುವುದನ್ನು ನಾವು ವಿನಯವೆಂದು ಕಲಿಸಿದ್ದೇವೆ. ಪರೀಕ್ಷಕರ ಮುಂದೆ ಆ ವಿನಯಕ್ಕೆ ಬೆಲೆಯಿಲ್ಲ. ನಿಮ್ಮ ಊರು ಇಷ್ಟವೇ ಎಂದು ಕೇಳಿದರೆ ‘ಹೌದು’ ಎಂದು ನಿಲ್ಲಿಸದೆ, ಏಕೆ ಇಷ್ಟ, ಯಾವುದು ಇಷ್ಟವಿಲ್ಲ, ಮೊದಲು ಹೇಗಿತ್ತು ಎಂದು ಎರಡು ಮೂರು ವಾಕ್ಯ ಮುಂದುವರಿಸಬೇಕು.

ಎರಡನೆಯ ಭಾಗದಲ್ಲಿ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದೆರಡು ನಿಮಿಷ ಮಾತನಾಡಲು ಹೇಳುತ್ತಾರೆ. ಕೈಯಿಂದ ಮಾಡಿದ ಒಂದು ವಸ್ತುವಿನ ಬಗ್ಗೆ ಮಾತನಾಡಿ ಎಂಬಂಥ ವಿಷಯ ಬಂದರೆ, ಬಾಯಿಪಾಠ ಮಾಡಿದ ಎಲ್ಲಿಯದೋ ವಿವರಣೆಗಿಂತ ಬೀದರಿನ ಬಿದರಿ ಹೂಜಿಯನ್ನು ಎತ್ತಿಕೊಳ್ಳಿ: ಸತು, ತಾಮ್ರದ ಮಿಶ್ರಲೋಹದ ಎರಕ, ಅದರ ಮೇಲೆ ಕೊರೆದ ಗೆರೆಗಳಲ್ಲಿ ಕೂರಿಸುವ ಬೆಳ್ಳಿ, ಬೀದರ್ ಕೋಟೆಯ ಮಣ್ಣಿನಿಂದ ಬರುವ ಕಪ್ಪು ಬಣ್ಣ. ಕಣ್ಣಾರೆ ಕಂಡ ವಸ್ತುವಿನ ಬಗ್ಗೆ ಮಾತು ತಾನಾಗಿ ಬೆಳೆಯುತ್ತದೆ. ಉರು ಹೊಡೆದದ್ದನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ.

ಲಿಸನಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸುಮಾರು 30 ನಿಮಿಷ, 40 ಪ್ರಶ್ನೆ. ಧ್ವನಿಮುದ್ರಿಕೆ ಒಂದೇ ಸಲ ಕೇಳಿಸುತ್ತದೆ. ಕಾಗುಣಿತ ತಪ್ಪಿದರೂ, ಬಹುವಚನದ ಕೊನೆಯ ಅಕ್ಷರ ಬಿಟ್ಟರೂ, ಎರಡು ಪದ ಎಂದಲ್ಲಿ ಮೂರು ಪದ ಬರೆದರೂ ಉತ್ತರ ತಪ್ಪಾಗುತ್ತದೆ. ಬ್ರಿಟಿಷ್, ಆಸ್ಟ್ರೇಲಿಯನ್ ಧಾಟಿಯ ಮಾತಿಗೆ ಕಿವಿ ಒಗ್ಗಲು ದಿನವೂ ಅರ್ಧ ಗಂಟೆ ರೇಡಿಯೊ ವಾರ್ತೆ ಅಥವಾ ಉಪನ್ಯಾಸ ಕೇಳುವುದೇ ದಾರಿ.

ರೀಡಿಂಗ್‌ನಲ್ಲಿ 60 ನಿಮಿಷಕ್ಕೆ ಮೂರು ಉದ್ದನೆಯ ಲೇಖನಗಳು, 40 ಪ್ರಶ್ನೆಗಳು. ಇಲ್ಲಿ ನಿಮ್ಮಂಥ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಅಪಾಯವಿದೆ. ಕೊಟ್ಟ ಹೇಳಿಕೆ ಸರಿಯೋ, ತಪ್ಪೋ, ಲೇಖನದಲ್ಲಿ ಆ ಮಾಹಿತಿಯೇ ಇಲ್ಲವೋ ಎಂದು ಗುರುತಿಸುವ ಪ್ರಶ್ನೆಗಳಿರುತ್ತವೆ. ಲೇಖನ ಮಣ್ಣಿನ ಸವಕಳಿಯನ್ನು ಕುರಿತದ್ದೆನ್ನಿ. ಎರೆಭೂಮಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಹೇಳಿಕೆ ಬಂದರೆ, ಅದು ನಿಮಗೆ ತರಗತಿಯಿಂದಲೂ ಹೊಲದಿಂದಲೂ ಗೊತ್ತಿರುವ ಸತ್ಯ. ಕೈ ತಾನಾಗಿ ‘ಸರಿ’ ಎಂಬುದರ ಕಡೆ ಹೋಗುತ್ತದೆ. ಲೇಖನದಲ್ಲಿ ಆ ಮಾತು ಇಲ್ಲವಾದರೆ ಸರಿಯುತ್ತರ ‘ಮಾಹಿತಿ ಇಲ್ಲ’ ಎಂಬುದೇ. ಗೊತ್ತಿರುವುದನ್ನು ಪಕ್ಕಕ್ಕಿಟ್ಟು ಓದುವುದು ಅಭ್ಯಾಸದಿಂದಲೇ ಬರಬೇಕು. ಲಿಸನಿಂಗ್, ರೀಡಿಂಗ್ ಎರಡರಲ್ಲೂ 40ಕ್ಕೆ ಸುಮಾರು 23 ಸರಿಯಾದರೆ ಬ್ಯಾಂಡ್ 6, 30 ಸರಿಯಾದರೆ 7 ಎಂಬ ಅಂದಾಜು ಇಟ್ಟುಕೊಳ್ಳಿ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಇನ್ನು ರೈಟಿಂಗ್. ಒಂದು ಗಂಟೆಯಲ್ಲಿ ಎರಡು ಬರಹ: ಮೊದಲನೆಯದು ನಕ್ಷೆ, ಕೋಷ್ಟಕ ಅಥವಾ ಚಿತ್ರದ ವಿವರಣೆ, ಕನಿಷ್ಠ 150 ಪದ, ಎರಡನೆಯದು ಪ್ರಬಂಧ, ಕನಿಷ್ಠ 250 ಪದ. ಪ್ರಬಂಧಕ್ಕೆ ಮೊದಲನೆಯದರ ಎರಡರಷ್ಟು ತೂಕವಿರುವುದರಿಂದ 20 ನಿಮಿಷ ಅದಕ್ಕೆ, 40 ನಿಮಿಷ ಇದಕ್ಕೆ ಎಂದು ಹಂಚಿಕೊಳ್ಳುವುದು ರೂಢಿ.

ಮೊದಲನೆಯ ಬರಹದಲ್ಲಿ ಕೃಷಿ ವಿದ್ಯಾರ್ಥಿಗಳು ಹೇಗೆ ಎಡವುತ್ತಾರೆಂಬುದನ್ನು ಉದಾಹರಣೆಯಿಂದ ಹೇಳುತ್ತೇನೆ. ಹತ್ತು ವರ್ಷಗಳಲ್ಲಿ ಒಂದು ಪ್ರದೇಶದ ತೊಗರಿ ಮತ್ತು ಹತ್ತಿಯ ಇಳುವರಿಯನ್ನು ತೋರಿಸುವ ಗೆರೆನಕ್ಷೆ ಬಂತೆಂದು ಭಾವಿಸಿ. ಒಂದು ವರ್ಷ ತೊಗರಿಯ ಗೆರೆ ಕೆಳಗೆ ಬಿದ್ದಿದೆ. ಕಲಬುರಗಿಯ ತೊಗರಿ ಕಣಜದ ಪಕ್ಕದಲ್ಲೇ ಬೆಳೆದ ನಿಮಗೆ ತಕ್ಷಣ ನೆಟೆ ರೋಗ, ಮಳೆಯ ಕೊರತೆ, ಕಾಯಿಕೊರಕ ಎಲ್ಲ ನೆನಪಾಗುತ್ತವೆ, ಅವನ್ನು ಬರೆದೂಬಿಡುತ್ತೀರಿ. ನಕ್ಷೆಯಲ್ಲಿ ಇಲ್ಲದ ಕಾರಣಗಳನ್ನು ಇಲ್ಲಿ ಬರೆಯಬಾರದು. ಹಾಗೆಂದು ಪ್ರತಿ ವರ್ಷದ ಅಂಕಿಯನ್ನೂ ದಿನಸಿ ಚೀಟಿಯಂತೆ ಒಂದರ ಕೆಳಗೊಂದು ಇಳಿಸುವುದೂ ತಪ್ಪೇ. ಒಟ್ಟು ಪ್ರವೃತ್ತಿ ಏನು, ಯಾವ ಬೆಳೆ ಏರಿತು, ಯಾವುದು ಇಳಿಯಿತು, ಎರಡೂ ಗೆರೆಗಳು ಎಲ್ಲಿ ಒಂದನ್ನೊಂದು ದಾಟಿದವು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಮೊದಲೇ ಹೇಳಿ, ನಂತರ ಮುಖ್ಯವಾದ ಅಂಕಿಗಳನ್ನು ಮಾತ್ರ ಕೊಡಬೇಕು. ಈ ಒಟ್ಟುನೋಟದ ವಾಕ್ಯಗಳಿಲ್ಲದ ಬರಹ, ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ, ವಿಷಯ ನಿರ್ವಹಣೆಯ ಅಂಕದಲ್ಲಿ 5ರ ಆಸುಪಾಸಿನಲ್ಲೇ ಉಳಿಯುತ್ತದೆ.

ಪ್ರಬಂಧದಲ್ಲಿ ತೊಂದರೆ ಇನ್ನೂ ಆಳದ್ದು, ಏಕೆಂದರೆ ನಾವು ಶಾಲೆಯಲ್ಲಿ ಕಲಿತ ಪ್ರಬಂಧದ ರೀತಿಯೇ ಬೇರೆ. ಸರ್ಕಾರವು ರೈತರ ಸಾಲ ಮನ್ನಾ ಮಾಡುವುದಕ್ಕಿಂತ ನೀರಾವರಿಗೆ ಹಣ ಹೂಡುವುದು ಮೇಲು ಎಂಬ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದು ಕೇಳಿದರೆನ್ನಿ. ನಮ್ಮವರ ಉತ್ತರ ‘ಭಾರತವು ಹಳ್ಳಿಗಳ ದೇಶ, ರೈತ ದೇಶದ ಬೆನ್ನೆಲುಬು’ ಎಂದು ಆರಂಭವಾಗಿ, ಎರಡೂ ಬೇಕು, ಎರಡಕ್ಕೂ ಅದರದರ ಮಹತ್ವವಿದೆ ಎಂದು ಯಾರಿಗೂ ನೋವಾಗದಂತೆ ಮುಗಿಯುತ್ತದೆ. ಪೀಠಿಕೆಗೇ ಎಪ್ಪತ್ತು ಎಂಬತ್ತು ಪದ ಹೋಗಿರುತ್ತದೆ. ಪರೀಕ್ಷಕರು ಹುಡುಕುವುದು ಬರೆದವರ ನಿಲುವನ್ನು. ನೀರಾವರಿಯೇ ಮೇಲು ಎನ್ನುವುದಾದರೆ ಮೊದಲ ಪ್ಯಾರಾದಲ್ಲೇ ಅದನ್ನು ಹೇಳಿ. ಮುಂದಿನ ಒಂದೊಂದು ಪ್ಯಾರಾಕ್ಕೂ ಒಂದೊಂದೇ ಕಾರಣ ಕೊಟ್ಟು, ಅದನ್ನು ವಿವರಿಸಿ, ಉದಾಹರಣೆಯಿಂದ ಗಟ್ಟಿ ಮಾಡಿ. ಉದಾಹರಣೆಗೆ ದೂರ ಹೋಗಬೇಕಿಲ್ಲ: ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಿಮ್ಮ ತಾಲ್ಲೂಕಿನಲ್ಲಿ ಜೋಳದ ಹೊಲಗಳು ಭತ್ತದ ಗದ್ದೆಗಳಾದದ್ದು, ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಸಾಲದೇ ಹೋಗುವುದು, ಎರಡೂ ನಿಮ್ಮ ವಾದಕ್ಕೆ ಒದಗುತ್ತವೆ. ಸ್ವಂತ ತಿಳಿವಳಿಕೆ ಮತ್ತು ಅನುಭವದಿಂದ ಉದಾಹರಣೆ ಕೊಡಿ ಎಂದು ಪ್ರಶ್ನೆಪತ್ರಿಕೆಯೇ ಸೂಚಿಸುತ್ತದೆ. ನಿಮ್ಮ ನಿಲುವು ಪರೀಕ್ಷಕರಿಗೆ ಒಪ್ಪಿಗೆಯಾಗಬೇಕೆಂದೇನೂ ಇಲ್ಲ. ಅದು ಸ್ಪಷ್ಟವಾಗಿರಬೇಕು, ಕೊನೆಯವರೆಗೂ ಬದಲಾಗದೆ ಇರಬೇಕು.

ವಾಕ್ಯದ ಮಟ್ಟದಲ್ಲಿ ಕನ್ನಡದ ಜಾಡು ಇಂಗ್ಲಿಷಿಗೆ ಇಳಿಯುವುದು ಕೆಲವು ಖಚಿತ ಜಾಗಗಳಲ್ಲಿ. ಬೆಳಗ್ಗೆ ಎದ್ದು, ಹೊಲಕ್ಕೆ ಹೋಗಿ, ಕೆಲಸ ಮುಗಿಸಿ, ಮನೆಗೆ ಬಂದು ಎಂದು ಕನ್ನಡದಲ್ಲಿ ಎಷ್ಟು ದೂರ ಬೇಕಾದರೂ ವಾಕ್ಯವನ್ನು ಎಳೆಯಬಹುದು. ಅದನ್ನೇ ಇಂಗ್ಲಿಷಿನಲ್ಲಿ ಅಲ್ಪವಿರಾಮಗಳಿಂದ ಜೋಡಿಸುತ್ತ ಹೋದರೆ ಪೂರ್ಣವಿರಾಮವೇ ಕಾಣದ, ವ್ಯಾಕರಣ ಕುಸಿದ ವಾಕ್ಯವಾಗುತ್ತದೆ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದ ಅದನ್ನು ತಿಳಿಸುತ್ತದೆ, ಇಂಗ್ಲಿಷಿನಲ್ಲಿ ಬಿಡುವಂತಿಲ್ಲ. ‘ಎ’, ‘ಆ್ಯನ್’, ‘ದ’ ಎಂಬ ಉಪಪದಗಳು ನಮ್ಮಲ್ಲಿ ಇಲ್ಲವಾದ್ದರಿಂದ ಎಲ್ಲೋ ಬಿಟ್ಟುಹೋಗುತ್ತವೆ, ಇನ್ನೆಲ್ಲೋ ಬೇಡದೆ ಬರುತ್ತವೆ. ‘ಐ ಆಮ್ ನೋಯಿಂಗ್’, ‘ಡಿಸ್ಕಸ್ ಅಬೌಟ್’ ಎಂಬಂಥವು ಮಾತಿನಲ್ಲಿ ನಡೆದುಹೋಗುತ್ತವೆ, ಬರಹದಲ್ಲಿ ಎದ್ದು ಕಾಣುತ್ತವೆ. ಬರೆದ ಪ್ರತಿ ಪ್ರಬಂಧದಲ್ಲೂ ಈ ನಾಲ್ಕನ್ನೇ ಹುಡುಕಿ ತಿದ್ದುವುದನ್ನು ರೂಢಿಸಿಕೊಳ್ಳಿ. ದೊಡ್ಡ ದೊಡ್ಡ ಪದಗಳನ್ನು ತುರುಕುವುದಕ್ಕಿಂತ ಇದರಿಂದ ಅಂಕ ಬೇಗ ಏರುತ್ತದೆ. ಈಗ ಪರೀಕ್ಷೆ ಹೆಚ್ಚಾಗಿ ಕಂಪ್ಯೂಟರಿನಲ್ಲೇ ನಡೆಯುವುದರಿಂದ ಪ್ರಬಂಧಗಳನ್ನು ಕೀಲಿಮಣೆಯಲ್ಲೇ ಬರೆದು ಅಭ್ಯಾಸ ಮಾಡಿ. ಮೊಬೈಲಿನಲ್ಲಿ ವೇಗವಾಗಿ ಓಡುವ ಬೆರಳು ಅಲ್ಲಿ ತಡವರಿಸುತ್ತದೆ.

ಹೈದರಾಬಾದಿನ ಕೋಚಿಂಗ್ ಬೇಕೇ? ಹಣ ಕಟ್ಟುವ ಮುನ್ನ ಕೇಂಬ್ರಿಡ್ಜ್ ಪ್ರಕಟಿಸಿರುವ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಎರಡನ್ನು, ಗಡಿಯಾರ ಮುಂದಿಟ್ಟುಕೊಂಡು ಮನೆಯಲ್ಲೇ ಬರೆಯಿರಿ. ಲಿಸನಿಂಗ್, ರೀಡಿಂಗ್ ಎರಡರಲ್ಲೂ 26ಕ್ಕಿಂತ ಹೆಚ್ಚು ಸರಿ ಬಂದರೆ ಮೂರು ತಿಂಗಳು ಹಾಸ್ಟೆಲಿನಲ್ಲಿ ಕೂರುವ ಅಗತ್ಯ ನನಗೆ ಕಾಣುವುದಿಲ್ಲ. ಆಗ ಬೇಕಾದದ್ದು ವಾರಕ್ಕೆರಡು ಪ್ರಬಂಧ ಓದಿ, ಕೆಂಪು ಶಾಯಿಯಲ್ಲಿ ತಿದ್ದಿಕೊಡುವ ಒಬ್ಬ ಒಳ್ಳೆಯ ಇಂಗ್ಲಿಷ್ ಅಧ್ಯಾಪಕರು. ಅಂಥವರು ಶಹಾಪುರ, ಕಲಬುರಗಿಗಳಲ್ಲೇ ಸಿಗುತ್ತಾರೆ. 15ರ ಆಸುಪಾಸಿನಲ್ಲೇ ನಿಂತರೆ ಮೂರು ತಿಂಗಳೂ ಸಾಲದು. ಆರೇಳು ತಿಂಗಳು ಓದು ಮತ್ತು ಕೇಳುವಿಕೆಯನ್ನು ಬೆಳೆಸಿಕೊಂಡೇ ದಿನಾಂಕ ಗೊತ್ತುಮಾಡಬೇಕು. ತಿದ್ದುವವರಿಲ್ಲದೆ ಸಿದ್ಧ ಪ್ರಬಂಧಗಳನ್ನು ಹಂಚುವ ಕೇಂದ್ರಗಳಿಂದ ದೂರವಿರಿ. ಪ್ರಶ್ನೆಪತ್ರಿಕೆ ಮೊದಲೇ ಕೊಡುತ್ತೇವೆ, 7 ಬ್ಯಾಂಡ್ ಖಾತ್ರಿ ಎನ್ನುವವರು ಸಿಕ್ಕರೆ ಅದು ಮೋಸವೆಂದು ತಿಳಿಯಿರಿ. ಸಿಕ್ಕಿಬಿದ್ದವರ ಫಲಿತಾಂಶವೇ ರದ್ದಾಗುತ್ತದೆ.

ಪರೀಕ್ಷೆಗೆ ಪಾಸ್‌ಪೋರ್ಟ್ ಕಡ್ಡಾಯ, ಮತ್ತು ಅದರಲ್ಲಿರುವಂತೆಯೇ ಹೆಸರು ನಮೂದಿಸಬೇಕು. ನಮ್ಮ ಭಾಗದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿ, ಪದವಿಯ ದಾಖಲೆಯಲ್ಲಿ ಮನೆತನದ ಹೆಸರು ಮೊದಲು, ಹೀಗೆ ಒಬ್ಬರಿಗೇ ಮೂರು ರೂಪ ಇರುವುದು ಸಾಮಾನ್ಯ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ಅಂಕಪಟ್ಟಿಯ ಹೆಸರಿಗೆ ಹೊಂದಿಸಿಕೊಂಡರೆ ಮುಂದೆ ವಿಶ್ವವಿದ್ಯಾಲಯ, ವೀಸಾ ಎಲ್ಲ ಕಡೆ ಅಫಿಡವಿಟ್ ಹಿಡಿದು ಅಲೆಯುವುದು ತಪ್ಪುತ್ತದೆ. ಯಾದಗಿರಿಯಿಂದ ವಾಡಿ ಮಾರ್ಗವಾಗಿ ಹೈದರಾಬಾದಿಗೆ ಹೋಗಿ ಪರೀಕ್ಷೆ ಬರೆಯುವುದಾದರೆ, ಸ್ಪೀಕಿಂಗ್ ಪರೀಕ್ಷೆ ಬೇರೆ ದಿನಕ್ಕೆ ಬೀಳಬಹುದೆಂಬುದನ್ನು ಮರೆಯಬೇಡಿ; ನೋಂದಣಿಯ ವೇಳೆ ಅದೇ ದಿನದ ಸಮಯ ಸಿಗುತ್ತದೆಯೇ ನೋಡಿ, ಹಿಂದಿನ ಸಂಜೆಯೇ ಹೈದರಾಬಾದ್ ಸೇರಿ.

ದಿನಾಂಕದ ಲೆಕ್ಕ ಹೀಗೆ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಆರಂಭವಾಗುತ್ತದೆ. ಅರ್ಜಿಯ ಕೊನೆಯ ದಿನ ಕೆಲವೆಡೆ ಜುಲೈ 15, ಇನ್ನು ಕೆಲವೆಡೆ ಅದಕ್ಕಿಂತ ತಿಂಗಳುಗಟ್ಟಲೆ ಮೊದಲು. ಭಾರತದ ವಿದ್ಯಾರ್ಥಿಗಳು ವೀಸಾಕ್ಕಾಗಿ, ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ 2022ರ ನವೆಂಬರಿನಿಂದ ಇದೆ. ಅದಕ್ಕೂ ಸಮಯ ಹಿಡಿಯುತ್ತದೆ. ಐಇಎಲ್‌ಟಿಎಸ್ ಫಲಿತಾಂಶ ಎರಡು ವರ್ಷ ಚಾಲ್ತಿಯಲ್ಲಿರುವುದರಿಂದ, ಸೇರುವ ವರ್ಷದ ಹಿಂದಿನ ಅಕ್ಟೋಬರ್–ಡಿಸೆಂಬರಿನಲ್ಲೇ ಪರೀಕ್ಷೆ ಮುಗಿಸುವುದು ಒಳ್ಳೆಯದು. ಶುಲ್ಕ 17 ಸಾವಿರ ರೂಪಾಯಿಗೂ ಮೇಲಿದೆ. ಒಮ್ಮೆ ನೋಡೋಣ ಎಂದು ಬರೆದು ಬರುವಂಥ ಮೊತ್ತವಲ್ಲ. ಒಂದೇ ವಿಭಾಗದಲ್ಲಿ ಅಂಕ ಕಡಿಮೆಯಾದರೆ, ಕಂಪ್ಯೂಟರಿನಲ್ಲಿ ಬರೆದವರು 60 ದಿನಗಳೊಳಗೆ ಆ ವಿಭಾಗವನ್ನು ಮಾತ್ರ ಮತ್ತೊಮ್ಮೆ ಬರೆಯುವ ಅವಕಾಶವಿದೆ. ಎಲ್ಲ ವಿಶ್ವವಿದ್ಯಾಲಯಗಳೂ ಇಂಥ ಫಲಿತಾಂಶವನ್ನು ಒಪ್ಪುವುದಿಲ್ಲವಾದ್ದರಿಂದ, ಮರುಪರೀಕ್ಷೆಗೆ ಹಣ ಕಟ್ಟುವ ಮುನ್ನ ಪ್ರವೇಶ ಕಚೇರಿಗೆ ಇಮೇಲ್ ಬರೆದು, ಅವರ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.